ಅಚ್ಚು ಅವರದು, ಗೊಂಬೆ ನಮ್ಮದು

ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಮೂವತ್ತು ವರ್ಷಕ್ಕೂ ಮೇಲೆ ಸಾಕಿ ಬೆಳೆಸಿದ ಒಂದು ಲೋಕವನ್ನು 2015ರಲ್ಲಿ ತಾನೇ ನಾಶ ಮಾಡಿತು. 1983ರಲ್ಲಿ ಹುಟ್ಟಿದ ವಾರ್‌ಹ್ಯಾಮರ್ ಎಂಬ ಯುದ್ಧದಾಟದ ಲೋಕ ಅದು. 'ಎಂಡ್ ಟೈಮ್ಸ್' ಎಂಬ ಕಥಾಸರಣಿಯ ಕೊನೆಗೆ ಆ ಪ್ರಪಂಚ ಚೂರಾಯಿತು, ಅದರ ಜಾಗಕ್ಕೆ 'ಏಜ್ ಆಫ್ ಸಿಗ್ಮಾರ್' ಎಂಬ ಹೊಸ ಆಟ ಬಂತು. ಕಥೆಯಲ್ಲಿ ಸತ್ತವರ ಗೊಂಬೆಗಳು ಅಂಗಡಿಯಿಂದಲೂ ಕಾಲ್ತೆಗೆದವು. ಕುದುರೆ ಸವಾರರ ರಾಜ್ಯವಾದ ಬ್ರೆಟೋನಿಯಾ, ಈಜಿಪ್ಟಿನ ಛಾಯೆಯ ಅಸ್ಥಿಪಂಜರಗಳ ಸೈನ್ಯವಾದ ಟೂಮ್ ಕಿಂಗ್ಸ್, ಎರಡರ ಮಾರಾಟವೂ ಸ್ವಲ್ಪ ಕಾಲದಲ್ಲೇ ನಿಂತಿತು. ಅದುವರೆಗೆ ಯಾರೂ ಅಷ್ಟಾಗಿ ಕೇಳದಿದ್ದ ಡಬ್ಬಿಗಳು ಈಬೇ ಜಾಲತಾಣದಲ್ಲಿ ಅಂಗಡಿ ಬೆಲೆಯ ಎರಡು ಪಟ್ಟಿಗೆ, ಮೂರು ಪಟ್ಟಿಗೆ ಏರತೊಡಗಿದವು. ಆಟ ನಿಂತಿತೆಂದು ಅತ್ತವರಲ್ಲಿ ಕೆಲವರು ಅಟ್ಟ ಹತ್ತಿ ಹಳೆ ಡಬ್ಬಿಗಳನ್ನು ಎಣಿಸಿದರು.

ತಯಾರಿಕೆ ನಿಂತ ಆಟದ ಗೊಂಬೆಗೆ ನಿಜವಾಗಿ ಬೆಲೆ ಬರುತ್ತದೆಯೇ, ಅಥವಾ ಅದು ಮಾರುವವರು ಕಟ್ಟಿದ ಮಾತೇ? ಎರಡೂ ಕಡೆಯವರ ಬಳಿ ಗಟ್ಟಿ ಉದಾಹರಣೆಗಳಿವೆ.

ಈ ಆಟ ಕಂಡಿರದವರಿಗೆ ಎರಡು ಮಾತು. ಮಿನಿಯೇಚರ್ ಎಂದು ಕರೆಯುವ ಈ ಗೊಂಬೆಗಳು ಹೆಬ್ಬೆರಳಿಗಿಂತ ಚಿಕ್ಕವು. ನಿಂತ ಮನುಷ್ಯನ ಎತ್ತರ ಸುಮಾರು 28 ಮಿಲಿಮೀಟರ್. ಬಹುತೇಕ ಬಣ್ಣವಿಲ್ಲದೆ, ತುಂಡು ತುಂಡಾಗಿ ಬರುತ್ತವೆ. ಕೊಂಡವನೇ ಕತ್ತರಿಸಿ, ಅಂಟಿಸಿ, ಕೂದಲೆಳೆಯಂಥ ಕುಂಚದಿಂದ ಬಣ್ಣ ಹಚ್ಚಬೇಕು. ಆಮೇಲೆ ಮೇಜಿನ ಮೇಲೆ ಸೈನ್ಯ ಹೂಡಿ, ಅಳತೆ ಟೇಪು ಹಿಡಿದು ನಡೆಸಿ, ದಾಳ ಉರುಳಿಸಿ ಕಾದಾಡಬೇಕು. ದಸರೆಯ ಪಟ್ಟದ ಗೊಂಬೆಯ ಹಾಗೆ ಕೂರಿಸಿ ನೋಡಲು ಮಾಡಿದ ವಸ್ತುವಲ್ಲ ಇದು. ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಗೊಂಬೆ ಎರೆಯುವ ಅದರ ಅಂಗ ಸಿಟಾಡೆಲ್ 1979ರಲ್ಲಿ ನ್ಯೂವಾರ್ಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿತು. ಇಂದು ಎರಡರ ಮುಖ್ಯ ನೆಲೆಯೂ ನಾಟಿಂಗ್‌ಹ್ಯಾಮ್‌ನ ಲೆಂಟನ್‌ನಲ್ಲಿದೆ. ಆ ಸುತ್ತಿನಲ್ಲಿ ಗೊಂಬೆ ಕಂಪನಿಗಳು ಎಷ್ಟು ಎದ್ದವೆಂದರೆ ಆ ಸೀಮೆಗೆ 'ಲೆಡ್ ಬೆಲ್ಟ್', ಅಂದರೆ ಸೀಸದ ಸೀಮೆ, ಎಂಬ ಅಡ್ಡಹೆಸರೇ ಬಿದ್ದಿದೆ.

ಬೆಲೆ ಬರುತ್ತದೆ ಎನ್ನುವವರು ಮೊದಲು ತೋರಿಸುವುದು ಈ ಸೀಸದ ಕಾಲದ ಗೊಂಬೆಗಳನ್ನೇ. 1980ರ ದಶಕದ ನಡುವೆ ಸಿಟಾಡೆಲ್ ತನ್ನ ಗೊಂಬೆಗಳನ್ನು ಪ್ಲಾಸ್ಟಿಕ್ ಬಿಲ್ಲೆಯ ಸೀಳಿನಲ್ಲಿ ಸಿಕ್ಕಿಸುವ ಪದ್ಧತಿ ತಂದಿತು. ಅದಕ್ಕೂ ಮುಂಚಿನವು ಕಾಲಡಿಯ ತಗಡಿನ ಸಮೇತ ಒಂದೇ ಎರಕ. ಸಂಗ್ರಾಹಕರು ಇವನ್ನು 'ಪ್ರಿ-ಸ್ಲಾಟಾ' ಎನ್ನುತ್ತಾರೆ, ಹೆಸರು ಕೇಳಿದರೆ ಸಾಕು ಕೈ ಜೇಬಿಗೆ ಹೋಗುತ್ತದೆ. 1990ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸೀಸದ ಗೊಂಬೆಗಳನ್ನು ನಿರ್ಬಂಧಿಸುವ ಮಾತು ಎದ್ದ ಮೇಲೆ ಕಂಪನಿಗಳು ಒಂದೊಂದಾಗಿ ಸೀಸ ಬಿಟ್ಟು ತವರದ ಮಿಶ್ರಲೋಹಕ್ಕೆ ಹೊರಳಿದವು. ಹಾಗಾಗಿ ಸೀಸದ ಗೊಂಬೆ ಅದೇ ರೂಪದಲ್ಲಿ ಮತ್ತೆ ಬರುವುದು ಕಷ್ಟ. ಅಂದಿನ ಶಿಲ್ಪಿಗಳಿಗೂ ಹೆಸರಿದೆ. ಅವಳಿ ಸೋದರರಾದ ಮೈಕೆಲ್ ಮತ್ತು ಅಲನ್ ಪೆರ್ರಿ, ಜೆಸ್ ಗುಡ್‌ವಿನ್, ವಿಕಾರ ನಗೆಯ ಗಾಬ್ಲಿನ್ ಮುಖಗಳಿಗೆ ಹೆಸರಾದ ಕೆವ್ ಆಡಮ್ಸ್, ಇವರ ಕೈಚಳಕವನ್ನು ಗೊಂಬೆಯ ಮೂಗು ನೋಡಿಯೇ ಹೇಳುವವರಿದ್ದಾರೆ. ಹಳೆಯ ನಿಯಮ, ಹಳೆಯ ಗೊಂಬೆಗಳಿಗೇ ಅಂಟಿಕೊಂಡವರು ತಮ್ಮನ್ನು 'ಓಲ್ಡ್‌ಹ್ಯಾಮರ್' ಬಳಗ ಎಂದು ಕರೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ದುಡ್ಡಿಲ್ಲದೆ ಬಿಟ್ಟದ್ದನ್ನು ಐವತ್ತರ ಹತ್ತಿರ ಬಂದು, ಕೈಯಲ್ಲಿ ಕಾಸಾಡುವಾಗ ಕೊಳ್ಳುವವರು ಇವರು. ಚೌಕಾಸಿ ಕಡಿಮೆ.

ಈ ಲೋಹದ ಗೊಂಬೆಗಳಿಗೆ ಇನ್ನೊಂದು ಅನುಕೂಲವಿದೆ, ಮೂವತ್ತು ವರ್ಷದ ಹಿಂದೆ ಯಾವನೋ ಹುಡುಗ ಮೆತ್ತಿದ ದಪ್ಪ ಬಣ್ಣವನ್ನು ಕಿತ್ತು ಹೊಸದರಂತೆ ಮಾಡಬಹುದು. ಬ್ರಿಟನ್ನಿನಲ್ಲಿ ಇದಕ್ಕೆ ಬಹಳ ಮಂದಿ ಬಳಸುವುದು ಡೆಟಾಲ್. ನಮ್ಮಲ್ಲಿ ಗಾಯಕ್ಕೆ ಹಚ್ಚುವ ಅದೇ ಡೆಟಾಲಿನಲ್ಲಿ ಇಡೀ ಸೈನ್ಯವನ್ನು ನೆನೆಹಾಕಿ, ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತಾರೆ. ಮನೆಯವರ ಮೂಗಿನ ಪಾಡು ಕೇಳಬಾರದು.

ಬ್ರೆಟೋನಿಯಾ, ಟೂಮ್ ಕಿಂಗ್ಸ್ ಬೆಲೆ ಏರಿದ್ದಕ್ಕೆ ಬೇರೆ ಕಾರಣವೂ ಸೇರಿತು. 2016ರಲ್ಲಿ ಕ್ರಿಯೇಟಿವ್ ಅಸೆಂಬ್ಲಿ ಎಂಬ ಸಂಸ್ಥೆ, ಗೇಮ್ಸ್ ವರ್ಕ್‌ಶಾಪ್ ಆಗತಾನೆ ಕೊಂದಿದ್ದ ಲೋಕವನ್ನೇ ಇಟ್ಟುಕೊಂಡು 'ಟೋಟಲ್ ವಾರ್: ವಾರ್‌ಹ್ಯಾಮರ್' ಎಂಬ ಕಂಪ್ಯೂಟರ್ ಆಟ ಹೊರತಂದಿತು. ಅದು ಗೆದ್ದಿತು. 2018ರಲ್ಲಿ ಅದರ ಮುಂದುವರಿದ ಭಾಗದಲ್ಲಿ ಟೂಮ್ ಕಿಂಗ್ಸ್ ಕೂಡ ಬಂದರು. ಪರದೆಯ ಮೇಲೆ ಈ ಸೈನ್ಯಗಳನ್ನು ಮೊದಲ ಸಲ ಕಂಡ ಹೊಸ ಪೀಳಿಗೆ ಗೊಂಬೆ ಹುಡುಕಿಕೊಂಡು ಹೊರಟರೆ ಅಂಗಡಿ ಖಾಲಿ. ತಯಾರಿಕೆ ನಿಂತದ್ದಷ್ಟೇ ಅಲ್ಲ, ನಿಂತ ಮೇಲೆ ಬಯಸುವವರು ಹೆಚ್ಚಾದದ್ದು ಇಲ್ಲಿ ಬೆಲೆ ಏರಿಸಿತು. ಈ ವ್ಯತ್ಯಾಸವನ್ನು ಮಾರುವವರು ಬೇಕೆಂದೇ ಮರೆಸುತ್ತಾರೆ.

ಮೂರನೆಯ ಉದಾಹರಣೆ ಫ್ರಾನ್ಸಿನದು. 1997ರಲ್ಲಿ ಶುರುವಾದ ರಾಖಾಮ್ ಕಂಪನಿ 'ಕಾನ್ಫ್ರಂಟೇಷನ್' ಎಂಬ ಆಟಕ್ಕೆ ಮಾಡಿದ ಲೋಹದ ಗೊಂಬೆಗಳಷ್ಟು ನಯವಾದವು ಆ ಕಾಲದಲ್ಲಿ ಬೇರೆ ಇರಲಿಲ್ಲ ಎಂದು ಬಣ್ಣ ಹಚ್ಚುವವರು ಈಗಲೂ ಹೇಳುತ್ತಾರೆ. ಆಮೇಲೆ ಕಂಪನಿ ಬಣ್ಣ ಹಚ್ಚಿಯೇ ಮಾರುವ ಪ್ಲಾಸ್ಟಿಕ್ ಗೊಂಬೆಗಳಿಗೆ ಹೊರಳಿತು, ಹಳೆಯ ಗಿರಾಕಿಗಳು ಮುನಿಸಿಕೊಂಡರು, 2010ರ ಹೊತ್ತಿಗೆ ಬಾಗಿಲು ಹಾಕಿತು. ಮತ್ತೆ ಎರೆದು ಮಾರುವ ಮೂಲ ಕಂಪನಿಯೇ ಇಲ್ಲ, ಗೊಂಬೆಯೋ ಚೆಂದ. ಹಳೆಯ ಲೋಹದ ರಾಖಾಮ್ ಗೊಂಬೆ ಇಂದಿಗೂ ದುಬಾರಿ. ಬೆಲೆ ಬರುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಂಡಿಲ್ಲ.

ಇನ್ನು ಆ ಕಡೆಯ ಮಾತು. 2000ರಲ್ಲಿ ಅಮೆರಿಕದಲ್ಲಿ ಜೋರ್ಡನ್ ವೈಸ್‌ಮನ್ ಎಂಬಾತ ವಿಜ್‌ಕಿಡ್ಸ್ ಕಂಪನಿ ತೆರೆದು 'ಮೇಜ್ ನೈಟ್' ಎಂಬ ಆಟ ತಂದ. ಗೊಂಬೆಗೆ ಮೊದಲೇ ಬಣ್ಣ ಹಚ್ಚಿರುತ್ತಿತ್ತು. ಕಾಲಡಿಯ ಬಿಲ್ಲೆ ಟಕ್ ಟಕ್ ಎಂದು ತಿರುಗಿ ಗೊಂಬೆಯ ಬಲ ಎಷ್ಟು ಉಳಿಯಿತೆಂದು ತೋರಿಸುತ್ತಿತ್ತು. ಪ್ಯಾಕೆಟ್ಟಿನಲ್ಲಿ ಯಾವ ಗೊಂಬೆ ಇದೆಯೆಂದು ಒಡೆಯುವವರೆಗೆ ತಿಳಿಯದು, ಅಪರೂಪದ್ದು ಬೇಕಿದ್ದರೆ ಪ್ಯಾಕೆಟ್ ಮೇಲೆ ಪ್ಯಾಕೆಟ್ ಒಡೆಯಬೇಕು. ಕೆಲವು ವರ್ಷ ಅಂಗಡಿಗಳಲ್ಲಿ ಅದರದೇ ಭರಾಟೆ. ಇವತ್ತಲ್ಲ ನಾಳೆ ಬೆಲೆ ಬಂದೀತೆಂದು ಡಬ್ಬಿಗಟ್ಟಲೆ ತೆಗೆದಿಟ್ಟವರು ಎಷ್ಟೋ ಮಂದಿ. 2008ರಲ್ಲಿ ಆಗಿನ ಮಾಲೀಕ ಕಂಪನಿ ಟಾಪ್ಸ್ ವಿಜ್‌ಕಿಡ್ಸನ್ನು ಮುಚ್ಚಿತು, ಮರುವರ್ಷ ನೆಕಾ ಎಂಬ ಕಂಪನಿ ಅದನ್ನು ಕೊಂಡು ಎಬ್ಬಿಸಿತು. ಮೇಜ್ ನೈಟ್‌ನ ಆ ಹಳೆಯ ಗೊಂಬೆಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಬೆಲೆ? ಕೆಲವೇ ಕೆಲವನ್ನು ಬಿಟ್ಟರೆ ಕವಡೆ ಕಿಮ್ಮತ್ತು. ನೂರು ಗೊಂಬೆಯನ್ನು ಒಂದು ಚೀಲಕ್ಕೆ ಸುರಿದು ಮಾರುತ್ತಾರೆ. ಲಕ್ಷಗಟ್ಟಲೆ ಮಾಡಿದ್ದು, ಎಲ್ಲರೂ ಜೋಪಾನ ಮಾಡಿದ್ದು, ಇಂದು ಆಡುವವರಿಲ್ಲದ್ದು. ಇಂಥದ್ದು ನಿಂತರೆ ಯಾರಿಗೂ ಕೊರತೆಯೆನಿಸುವುದಿಲ್ಲ.

ಗೇಮ್ಸ್ ವರ್ಕ್‌ಶಾಪ್ ಒಳಗೇ ಇನ್ನೊಂದು ಉದಾಹರಣೆ ಇದೆ. ತವರದ ಬೆಲೆ ಏರಿದ್ದ 2011ರಲ್ಲಿ ಕಂಪನಿ ಲೋಹ ಬಿಟ್ಟು 'ಫೈನ್‌ಕಾಸ್ಟ್' ಎಂಬ ರಾಳದ ಗೊಂಬೆಗಳನ್ನು ತಂದಿತು. ಬಿಸಿಲಿಗೆ ಬಾಗುವ ಕತ್ತಿ, ಮುಖದಲ್ಲಿ ಗುಳ್ಳೆ, ಅರ್ಧ ತುಂಬಿದ ಬೆರಳು, ದೂರುಗಳ ಸಾಲೇ ಬಂತು. ಅದರಲ್ಲಿ ಹೆಚ್ಚಿನವು ಈಗ ಬರುವುದಿಲ್ಲ. ಆದರೂ ಒಂದೇ ಗೊಂಬೆ ಲೋಹದಲ್ಲೂ ಫೈನ್‌ಕಾಸ್ಟ್‌ನಲ್ಲೂ ಸಿಕ್ಕರೆ ಜನ ಹಳೆಯ ಲೋಹದ್ದನ್ನೇ ಎತ್ತಿಕೊಳ್ಳುತ್ತಾರೆ.

ನನ್ನ ಮಟ್ಟಿಗೆ ಈ ಇಡೀ ಜಗಳದ ಕೀಲು ಇರುವುದು ಅಚ್ಚಿನಲ್ಲಿ. ಲೋಹದ ಗೊಂಬೆ ಮಾಡುವ ಕ್ರಮ ಹೀಗೆ: ಶಿಲ್ಪಿ ಕೈಯಿಂದ ಒಂದು ಮೂಲ ಗೊಂಬೆ ತಿದ್ದುತ್ತಾನೆ, ಅದನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಒತ್ತಿ, ಬಿಸಿ ಮಾಡಿ ಗಡುಸಾಗಿಸಿ ಅಚ್ಚು ತೆಗೆಯುತ್ತಾರೆ, ಆ ಅಚ್ಚನ್ನು ಗಿರಗಿರನೆ ತಿರುಗಿಸುತ್ತ ಕರಗಿದ ಲೋಹ ಹೊಯ್ಯುತ್ತಾರೆ. ರಬ್ಬರ್ ಬಿಸಿಗೆ ಸವೆಯುತ್ತದೆ, ಹಳತಾದರೆ ಸೀಳುತ್ತದೆ. ಆದರೆ ಮೂಲ ಗೊಂಬೆ ಕಪಾಟಿನಲ್ಲಿ ಜೋಪಾನವಾಗಿದ್ದರೆ ಯಾವಾಗ ಬೇಕಾದರೂ ಹೊಸ ಅಚ್ಚು ತೆಗೆಯಬಹುದು. ಪ್ಲಾಸ್ಟಿಕ್ಕಿನದು ಉಕ್ಕಿನ ಅಚ್ಚು. ಮಾಡಿಸುವಾಗ ಜೇಬು ಬರಿದಾಗುತ್ತದೆ, ಮಾಡಿಸಿಟ್ಟರೆ ಹತ್ತಾರು ವರ್ಷ ಬಾಳುತ್ತದೆ. ಅಂದರೆ ಕಂಪನಿ ಒಂದು ಗೊಂಬೆಯನ್ನು ನಿಲ್ಲಿಸಿದೆ ಎಂದರೆ ಅಚ್ಚನ್ನು ಒಳಗಿಟ್ಟಿದೆ ಎಂದಷ್ಟೇ ಅರ್ಥ, ಮುರಿದಿದೆ ಎಂದಲ್ಲ. ಕಂಪನಿ ಮುಳುಗಿದರೂ ಅಚ್ಚು ಸಾಯಬೇಕಿಲ್ಲ. ಅಮೆರಿಕದ ಹಳೆಯ ಗ್ರೆನಡಿಯರ್ ಕಂಪನಿಯ ಗೊಂಬೆಗಳನ್ನು ಇಟಲಿಯ ಮಿರ್ಲಿಟನ್ ಎಂಬವರು ಎರೆದು ಮಾರುತ್ತ ಬಂದಿದ್ದಾರೆ. 1975ರಲ್ಲಿ ಒಹಾಯೋದ ಸಿನ್ಸಿನಾಟಿಯಲ್ಲಿ ಹುಟ್ಟಿದ ರಾಲ್ ಪಾರ್ಥಾದ ಪರಂಪರೆ ಐರನ್ ವಿಂಡ್ ಮೆಟಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಅಚ್ಚು ಉಳ್ಳವರು ಅದನ್ನು ಹೊರತೆಗೆದರೆ ಏನಾಗುತ್ತದೆ ಎಂಬುದಕ್ಕೆ ಮೊದಲು ಹೇಳಿದ ಬ್ರೆಟೋನಿಯಾ ಕಥೆಯ ಎರಡನೆಯ ಅರ್ಧವೇ ಉತ್ತರ. 2019ರ ನವೆಂಬರಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಹಳೆಯ ಲೋಕವನ್ನು ಮರಳಿ ತರುವುದಾಗಿ ಪ್ರಕಟಿಸಿತು. 2024ರ ಜನವರಿಯಲ್ಲಿ 'ದಿ ಓಲ್ಡ್ ವರ್ಲ್ಡ್' ಎಂಬ ಹೆಸರಿನಲ್ಲಿ ಆಟ ಬಂತು. ಮೊದಲ ದೊಡ್ಡ ಡಬ್ಬಿಗಳು ಯಾರವು? ಬ್ರೆಟೋನಿಯಾದ್ದು, ಟೂಮ್ ಕಿಂಗ್ಸ್‌ನದು. ಹೊಸ ಗೊಂಬೆಗಳೂ ಇದ್ದವು, ಆದರೆ ಡಬ್ಬಿಯ ಬಹುಭಾಗ ಅದೇ ಹಳೆಯ ಪ್ಲಾಸ್ಟಿಕ್. ಕೆಲವು ಹಳೆಯ ಗೊಂಬೆಗಳು ಲೋಹದಲ್ಲೇ ಮರಳಿದವು. ವರ್ಷಗಟ್ಟಲೆ ಕಾದು, ಮೂರು ಪಟ್ಟು ಕೊಟ್ಟು ಸವಾರರನ್ನು ಕೊಂಡವನಿಗೆ ಹೇಗನ್ನಿಸಿರಬೇಕು! ಮತ್ತೆ ಬಂದವುಗಳ ಹಳೆಯ ಬೆಲೆ ಇಳಿಯಿತು. ಬಾರದೆ ಉಳಿದವು ಗಟ್ಟಿಯಾಗಿ ನಿಂತವು, ಆಟ ಜೀವಂತವಾದ ಮೇಲೆ ಅವನ್ನು ಕೇಳುವವರು ಇನ್ನಷ್ಟಾದರು. ಒಂದೇ ಪ್ರಕಟಣೆ ಒಬ್ಬನ ಕಪಾಟನ್ನು ಏರಿಸಿತು, ಪಕ್ಕದವನದನ್ನು ಇಳಿಸಿತು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ಮೊದಲೇ ಗೊತ್ತಿದ್ದದ್ದು ನಾಟಿಂಗ್‌ಹ್ಯಾಮ್‌ನ ಕೆಲವರಿಗೆ ಮಾತ್ರ.

ಇದು ಒಂದು ಸಲದ ಮಾತಲ್ಲ. ಹಳೆಯ ಗೊಂಬೆಗಳನ್ನು ಕೆಲವು ದಿನ ಆರ್ಡರ್ ತೆಗೆದುಕೊಂಡು ಎರೆದು ಕೊಡುವ 'ಮೇಡ್ ಟು ಆರ್ಡರ್' ಎಂಬ ಪದ್ಧತಿಯನ್ನೇ ಕಂಪನಿ ಇಟ್ಟುಕೊಂಡಿದೆ. 2020ರ ಜುಲೈನಲ್ಲಿ 'ಇಂಡೊಮಿಟಸ್' ಎಂಬ ಡಬ್ಬಿ ನಿಮಿಷಗಳಲ್ಲಿ ಖಾಲಿಯಾಗಿ, ಕಾಳಸಂತೆಯವರು ಮೀಸೆ ತಿರುವಿದಾಗ, ಕೇಳಿದವರಿಗೆಲ್ಲ ಮಾಡಿಕೊಡುತ್ತೇವೆ ಎಂದು ಕಂಪನಿ ಬಾಗಿಲು ತೆರೆಯಿತು. ಗುಡ್ಡೆ ಹಾಕಿಕೊಂಡವರ ಮುಖ ಸಪ್ಪಗಾಯಿತು. 2021ರ 'ಕರ್ಸ್ಡ್ ಸಿಟಿ' ಎಂಬ ಡಬ್ಬಿ ಬಂದಷ್ಟೇ ಬೇಗ ಮಾಯವಾಗಿ ಅದರ ಬೆಲೆ ಗಗನಕ್ಕೇರಿತು, ಮರುವರ್ಷ ಡಬ್ಬಿ ಮತ್ತೆ ಅಂಗಡಿಗೆ ಬಂತು. ಮಿಲ್ಟನ್ ಬ್ರ್ಯಾಡ್ಲಿ ಕಂಪನಿ 1989ರಲ್ಲಿ ಗೇಮ್ಸ್ ವರ್ಕ್‌ಶಾಪ್ ಜೊತೆಗೂಡಿ ತಂದ 'ಹೀರೋಕ್ವೆಸ್ಟ್' ಹಳೆಯ ಡಬ್ಬಿ ವರ್ಷಗಳ ಕಾಲ ಸಂಗ್ರಾಹಕರ ಕಣ್ಮಣಿಯಾಗಿತ್ತು. 2020ರಲ್ಲಿ ಹ್ಯಾಸ್ಬ್ರೋ ಕಂಪನಿ ಅದನ್ನು ಮತ್ತೆ ಮಾಡಲು ಜನರಿಂದ ಮುಂಗಡ ಕೇಳಿತು. ಗುರಿ ಹತ್ತು ಲಕ್ಷ ಡಾಲರ್, ಬಂದದ್ದು ಅದರ ಮೂರು ಪಟ್ಟಿಗೂ ಮಿಕ್ಕಿ. ಕಂಪನಿಗಳಿಗೆ ಪಾಠ ಸಿಕ್ಕಿತು. ಹಳೆಯದರ ಹಂಬಲದ ಲಾಭ ಹಳೆ ಗಿರಾಕಿಗೆ ಯಾಕೆ ಹೋಗಬೇಕು, ನಮಗೇ ಬರಲಿ!

ಇಲ್ಲೂ ಇನ್ನೊಂದು ಮಗ್ಗುಲಿದೆ. ಮರುಮುದ್ರಣವಾದರೆ ಮೊದಲ ಮುದ್ರಣದ ಪುಸ್ತಕ ಬೆಲೆಗೆಡುವುದಿಲ್ಲವಲ್ಲ ಎಂದು ಸಂಗ್ರಾಹಕರು ಕೇಳುತ್ತಾರೆ. ಮಾತು ಸುಳ್ಳಲ್ಲ. ಗೊಂಬೆ ಕೊಳ್ಳುವವರು ಎರಡು ಜಾತಿ. ಆಡಲು ಕೊಳ್ಳುವವನಿಗೆ ಗೊಂಬೆ ಬೇಕು, ಯಾವ ವರ್ಷದ್ದಾದರೇನು. ಕೂಡಿಡಲು ಕೊಳ್ಳುವವನಿಗೆ ಅದೇ ವರ್ಷದ, ಅದೇ ಲೋಹದ, ಸಾಧ್ಯವಾದರೆ ಅದೇ ಡಬ್ಬಿಯೊಳಗಿನ ಗೊಂಬೆ ಬೇಕು. ಹಳೆಯದು ಮತ್ತೆ ಬಂದಾಗ ಮೊದಲನೆಯವನು ಈಬೇ ಬಿಟ್ಟು ಹೋಗುತ್ತಾನೆ, ಎರಡನೆಯವನು ಕದಲುವುದಿಲ್ಲ. ತೊಂದರೆ ಎಂದರೆ ಮೊದಲನೆಯವರು ಬಹಳ, ಎರಡನೆಯವರು ಕೆಲವರು. ಗಗನದ ಬೆಲೆಯನ್ನು ಎತ್ತಿ ಹಿಡಿದದ್ದು ಹೆಚ್ಚಾಗಿ ಆಡುವವರ ಗುಂಪೇ.

ಮನೆಯಲ್ಲೇ ಇಟ್ಟುಕೊಳ್ಳಬಹುದಾದ ರಾಳದ ತ್ರೀಡಿ ಪ್ರಿಂಟರ್‌ಗಳು ಅಗ್ಗವಾದ ಮೇಲೆ ಆಡುವವರಿಗೆ ಇನ್ನೊಂದು ದಾರಿ ತೆರೆಯಿತು. ಹಳೆಯ ಗೊಂಬೆಯನ್ನು ಹೋಲುವ ಹೊಸ ಶಿಲ್ಪವನ್ನು ಕಡತವಾಗಿ ಕೊಂಡು ಮನೆಯಲ್ಲೇ ಮುದ್ರಿಸಿಕೊಳ್ಳಬಹುದು. ಇನ್ನು 'ರೀಕಾಸ್ಟ್' ಎನ್ನುವ ಕಳ್ಳ ಎರಕದವರು ಇದ್ದೇ ಇದ್ದಾರೆ. ಹಳೆಯ ಲೋಹದ ಗೊಂಬೆಯಿಂದ ನೇರ ಅಚ್ಚು ತೆಗೆದು ಮತ್ತೆ ಲೋಹ ಹೊಯ್ದರೆ ತಣಿಯುವಾಗ ಅದು ಕೂದಲೆಳೆಯಷ್ಟು ಕುಗ್ಗುತ್ತದೆ, ಗೆರೆಗಳು ಮಸುಕಾಗುತ್ತವೆ. ಪಕ್ಕದಲ್ಲಿ ಅಸಲಿ ಇಟ್ಟು ನೋಡಿದರೆ ತಿಳಿದವನಿಗೆ ಗೊತ್ತಾಗುತ್ತದೆ, ಫೋಟೊ ನೋಡಿ ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಇದರಿಂದ ಅಸಲಿಗೆ ಮಾನ ಹೆಚ್ಚೀತು ಎನ್ನುವವರಿದ್ದಾರೆ. ನನಗೆ ಅನುಮಾನ. ನಂಬಿಕೆ ಕೆಟ್ಟ ಸಂತೆಯಲ್ಲಿ ಅಸಲಿ ಮಾರುವವನೂ ಪುರಾವೆ ಒದಗಿಸಿ ಸುಸ್ತಾಗುತ್ತಾನೆ.

ಕಾಲ ಇನ್ನೂ ದೂರ ಹೋದರೆ ಏನಾಗುತ್ತದೆ? ಅದಕ್ಕೆ ಹಳೆಯ ಬ್ರಿಟನ್ಸ್ ಸೈನಿಕರನ್ನು ನೋಡಬೇಕು. ವಿಲಿಯಂ ಬ್ರಿಟನ್ ಕಂಪನಿ 1893ರಿಂದ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರೆದು ಮಕ್ಕಳಿಗೆ ಮಾರಿತು. ಬಿಕಾನೇರದ ಒಂಟೆ ಪಡೆಯೂ ಅವರ ಡಬ್ಬಿಯಲ್ಲಿತ್ತು. ಎಚ್.ಜಿ. ವೆಲ್ಸ್ 1913ರಲ್ಲಿ ಬರೆದ 'ಲಿಟ್ಲ್ ವಾರ್ಸ್' ಇಂಥ ಆಟದ ಸೈನಿಕರಿಗಾಗಿಯೇ ಕಟ್ಟಿದ ನಿಯಮಗಳ ಪುಸ್ತಕ. 1966ರ ಹೊತ್ತಿಗೆ ಸೀಸದ ತಯಾರಿಕೆ ನಿಂತಿತು. ಅವನ್ನು ಆಡಿ ಬೆಳೆದವರು ನಡುವಯಸ್ಸಿಗೆ ಬಂದಾಗ ಬೆಲೆ ಏರಿತು. ಅಮೆರಿಕದ ಪತ್ರಿಕೋದ್ಯಮಿ ಮಾಲ್ಕಮ್ ಫೋರ್ಬ್ಸ್ ಮೊರಾಕೋದ ಟ್ಯಾಂಜಿಯರ್‌ನಲ್ಲಿ ಇಂಥ ಆಟದ ಸೈನಿಕರಿಗಾಗಿ ಒಂದು ವಸ್ತುಸಂಗ್ರಹಾಲಯವನ್ನೇ ತೆರೆದಿದ್ದರು. ಆ ಪೀಳಿಗೆ ಕರಗುತ್ತ ಬಂದ ಹಾಗೆ ಅಪರೂಪದ ಸೆಟ್‌ಗಳು ಹರಾಜಿನಲ್ಲಿ ಉಳಿದುಕೊಂಡವು, ಸಾಮಾನ್ಯ ಸೆಟ್‌ಗಳ ಬಿಸಿ ಆರಿತು. ವಾರ್‌ಹ್ಯಾಮರ್‌ನ ಸೀಸದ ಗೊಂಬೆಗಳ ಗಿರಾಕಿ ಇಂದು ಐವತ್ತರ ಆಸುಪಾಸಿನಲ್ಲಿದ್ದಾನೆ. ಇನ್ನಿಪ್ಪತ್ತು ವರ್ಷಕ್ಕೆ ಕೂಡಿಡುವವರು ಈ ಲೆಕ್ಕ ಹಾಕಿಯೇ ಹೂಡಬೇಕು.

ಹೂಡಿಕೆ ಎಂಬ ಮಾತೇ ಬಂದ ಮೇಲೆ ಇನ್ನೊಂದು ಲೆಕ್ಕ. ಏರಿದ ಬೆಲೆಯ ಕಥೆ ಎಲ್ಲರ ಬಾಯಲ್ಲೂ ಇರುತ್ತದೆ, ಇಳಿದದ್ದನ್ನು ಯಾರೂ ಡಂಗುರ ಸಾರುವುದಿಲ್ಲ. ಮಾರುವವರು ಎಲ್ಲದರ ಮುಂದೆಯೂ 'ಓಓಪಿ' ಎಂದು ಬರೆಯುತ್ತಾರೆ, ತಯಾರಿಕೆ ನಿಂತದ್ದು ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಅವು. ಕೇಳಿದ ಬೆಲೆ ಬೇರೆ, ಸಿಕ್ಕ ಬೆಲೆ ಬೇರೆ. ಈಬೇಯಲ್ಲಿ ಮಾರಾಟವಾದ ವಸ್ತುಗಳನ್ನಷ್ಟೇ ಆರಿಸಿ ನೋಡಿದರೆ ಅರ್ಧ ಕನಸು ಅಲ್ಲೇ ಕರಗುತ್ತದೆ. ಕಮಿಷನ್, ಅಂಚೆ ಖರ್ಚು, ಮುರಿದ ಕೈಕಾಲು ಕಳೆದು ಉಳಿದದ್ದು ಲಾಭ. ಅದೇ ದುಡ್ಡನ್ನು ಗೊಂಬೆಗೆ ಬದಲು ಗೊಂಬೆ ಕಂಪನಿಗೇ ಹಾಕಿದ್ದರೆ? 2016ರ ಆರಂಭದಲ್ಲಿ ಗೇಮ್ಸ್ ವರ್ಕ್‌ಶಾಪ್‌ನ ಒಂದು ಷೇರು ಸುಮಾರು 5 ಪೌಂಡ್. 2024ರ ಡಿಸೆಂಬರಿನಲ್ಲಿ ಕಂಪನಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಪಟ್ಟಿ ಸೇರುವ ಹೊತ್ತಿಗೆ ಅದು 100 ಪೌಂಡನ್ನು ಎಂದೋ ದಾಟಿತ್ತು. ಯಾವ ಬ್ರೆಟೋನಿಯಾ ಸವಾರನೂ ಅಷ್ಟು ದೂರ ಓಡಿಲ್ಲ. ಎಲ್ಲ ಗೊಂಬೆ ಕಂಪನಿಗಳೂ ಹೀಗೆ ಬೆಳೆಯುವುದಿಲ್ಲ ಎಂಬುದನ್ನು ರಾಖಾಮ್ ನೆನಪಿಸುತ್ತದೆ, ಸರಿಯೇ.

ಹಾಗಾದರೆ ನನ್ನ ತೀರ್ಪು? ತಯಾರಿಕೆ ನಿಂತದ್ದರಿಂದ ಮಾತ್ರ ಬೆಲೆ ಬರುವುದಿಲ್ಲ. ಮೂಲ ಕಂಪನಿ ಸತ್ತು ಅಚ್ಚು ಚೆದುರಿದ, ಕಡಿಮೆ ಸಂಖ್ಯೆಯ, ಕೈಚಳಕ ಎದ್ದು ಕಾಣುವ ಲೋಹದ ಗೊಂಬೆಗೆ ಬರುತ್ತದೆ, ಇನ್ನು ಕೆಲವು ವರ್ಷ ನಿಲ್ಲುತ್ತದೆ ಕೂಡ. ಬದುಕಿರುವ, ದುಡ್ಡುಳ್ಳ ಕಂಪನಿಯ ಪ್ಲಾಸ್ಟಿಕ್ ಡಬ್ಬಿಯನ್ನು 'ನಿಂತಿತು' ಎಂಬ ಸುದ್ದಿ ಕೇಳಿ ಕೂಡಿಡುವುದು ಜೂಜು, ಅದೂ ದಾಳ ಎದುರಾಳಿಯ ಕೈಯಲ್ಲಿರುವ ಜೂಜು.

ಇಂಗ್ಲೆಂಡಿಗೆ, ಅಮೆರಿಕಕ್ಕೆ ಓದಲು, ದುಡಿಯಲು ಹೋದ ನಮ್ಮ ಹುಡುಗರಲ್ಲೂ ಈ ಗೀಳು ಹತ್ತಿಸಿಕೊಂಡವರಿದ್ದಾರೆ. ಇಲ್ಲಿಂದ ತರಿಸಿಕೊಳ್ಳುವವರಿಗೆ ಸಾಗಣೆ, ಸುಂಕ ಸೇರಿ ಗೊಂಬೆ ಇನ್ನಷ್ಟು ತುಟ್ಟಿ, ಮರಳಿ ಮಾರಿ ಲಾಭ ಮಾಡುವ ಮಾತು ಇನ್ನೂ ದೂರ. ಅವರಲ್ಲಿ ಒಂದು ಕೋರಿಕೆ. ಆಡುವ ಆಸೆಗೆ ಕೊಳ್ಳಿ, ಬಣ್ಣ ಹಚ್ಚಿ ಆಡಿ. ಹಳೆಯ ಸೀಸದ ಗೊಂಬೆ ಕೈಗೆ ಬಂದರೆ ಓಕ್ ಮರದ ಕಪಾಟಿನಲ್ಲಿ ಮಾತ್ರ ಇಡಬೇಡಿ. ಆ ಮರ ಬಿಡುವ ಹುಳಿ ಆವಿಗೆ ಸೀಸ ಬೂದಿಯಂತೆ ಪುಡಿಯಾಗುತ್ತದೆ, ಒಮ್ಮೆ ಹಿಡಿದರೆ ಹಾಳಾದ ಭಾಗ ಮರಳುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಮಗುವಿದ್ದರೆ ಡಬ್ಬಿಯನ್ನು ಎತ್ತರದಲ್ಲಿಡಿ.